ಆನರ್ಸ್ ಪ್ರಬಂಧ: ಸ್ವತಂತ್ರ ವಿಚಾರದ ಮೊದಲ ಕಾಯಕ

ವಿದ್ಯೆಯ ಗುರಿ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೋ, ಪಡೆದ ತಿಳಿವಳಿಕೆಯನ್ನು ಸ್ವಂತ ವಿವೇಕದಿಂದ ಬಳಸಲು ಕಲಿಯುವುದೋ ಎಂಬ ಪ್ರಶ್ನೆ ಹೊಸದೇನಲ್ಲ. ನಮ್ಮಲ್ಲಿ ವಿದ್ಯಾರ್ಥಿಯು ಒಂದನೆಯ ತರಗತಿಯಿಂದ ಪದವಿಯವರೆಗೆ ಹದಿನೈದು ವರ್ಷಗಳ ಕಾಲ ಅನ್ಯರು ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾನೆ. ತಾನೇ ಒಂದು ಪ್ರಶ್ನೆಯನ್ನೆತ್ತಿ, ಅದರ ಬೆನ್ನು ಹತ್ತಿ ತಿಂಗಳುಗಟ್ಟಲೆ ದುಡಿದು, ಕಂಡುಕೊಂಡುದನ್ನು ಬಲ್ಲವರ ಮುಂದಿಟ್ಟು ಸಮರ್ಥಿಸುವ ಸಂದರ್ಭ ಅವನಿಗೆ ಒದಗುವುದೇ ವಿರಳ. ಈ ಕೊರತೆಯನ್ನು ತುಂಬಲೆಂದು ಅಮೆರಿಕದ ಕಾಲೇಜುಗಳಲ್ಲಿ ಸುಮಾರು ಒಂದು ಶತಮಾನದಿಂದ ಬೆಳೆದುಬಂದಿರುವ ವ್ಯವಸ್ಥೆಯೇ ‘ಆನರ್ಸ್ ಪ್ರಬಂಧ’. ಅದರ ಸ್ವರೂಪವನ್ನೂ, ಅದರಿಂದ ನಾವು ಕಲಿಯಬಹುದಾದುದನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಹುಟ್ಟು ಮತ್ತು ಬೆಳವಣಿಗೆ

‘ಆನರ್ಸ್’ ಎಂಬ ಮಾತು ನಮ್ಮ ಹಿರಿಯರಿಗೆ ಅಪರಿಚಿತವಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಹಿಂದೆ ಬಿ.ಎ. ಆನರ್ಸ್ ತರಗತಿಗಳಿದ್ದವು; ಅಲ್ಲಿ ಓದಿದವರ ವಿದ್ವತ್ತಿಗೆ ಸಮಾಜದಲ್ಲಿ ವಿಶೇಷ ಮನ್ನಣೆಯಿತ್ತು. ಈ ಪದ್ಧತಿಯ ಮೂಲ ಇಂಗ್ಲೆಂಡಿನ ಪ್ರಾಚೀನ ವಿಶ್ವವಿದ್ಯಾಲಯಗಳಲ್ಲಿದೆ. ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿದ್ದ ಫ್ರಾಂಕ್ ಏಡೆಲಾಟ್ ಎಂಬ ಶಿಕ್ಷಣತಜ್ಞರು 1921ರಲ್ಲಿ ಪೆನ್ಸಿಲ್ವೇನಿಯದ ಸ್ವಾರ್ತ್‌ಮೋರ್ ಕಾಲೇಜಿನ ಅಧ್ಯಕ್ಷರಾದರು. ಮರುವರ್ಷವೇ ಅವರು ಅಲ್ಲಿ ಆನರ್ಸ್ ಕ್ರಮವನ್ನು ಜಾರಿಗೆ ತಂದರು. ಚಿಕ್ಕ ಚಿಕ್ಕ ಗೋಷ್ಠಿಗಳಲ್ಲಿ ವಿದ್ಯಾರ್ಥಿಗಳೇ ಲೇಖನಗಳನ್ನು ಮಂಡಿಸಿ ಚರ್ಚಿಸುವುದು ಅದರ ಒಂದು ಅಂಗ. ಪರೀಕ್ಷಕರು ಹೊರಗಿನ ವಿದ್ಯಾಸಂಸ್ಥೆಗಳಿಂದ ಬಂದು ಪರೀಕ್ಷಿಸುವುದು ಇನ್ನೊಂದು. ಕಲಿಸಿದವರೇ ಅಂಕವನ್ನೂ ಕೊಡದಿರುವುದರಿಂದ ಗುರುಶಿಷ್ಯರಿಬ್ಬರೂ ಒಂದೇ ಪಕ್ಷದಲ್ಲಿ ನಿಂತು ವಿಷಯವನ್ನು ಎದುರಿಸುವಂತಾಯಿತು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು 1920ರ ದಶಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಬಿ.ಎ. ಪದವಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಂತಿಮ ವರ್ಷದಲ್ಲಿ ಪ್ರಬಂಧವೊಂದನ್ನು ಬರೆಯಲೇಬೇಕೆಂದು ವಿಧಿಸಿತು. ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದ ರೀಡ್ ಕಾಲೇಜಿನಲ್ಲಿಯೂ ಇದು ಎಲ್ಲರಿಗೂ ಕಡ್ಡಾಯ. ಅಲ್ಲಿ ಬರೆದ ಪ್ರಬಂಧಗಳನ್ನು ಗ್ರಂಥಾಲಯದಲ್ಲಿ ಕಾಪಿಟ್ಟಿರುತ್ತಾರೆ. ಹಿಂದಿನವರು ಏನು ಕೇಳಿದರು, ಎಲ್ಲಿ ನಿಂತರು ಎಂಬುದನ್ನು ನೋಡಿ ಹೊಸಬರು ಮುಂದುವರಿಯಬಹುದು.

ಕ್ರಮ

ಸಾಮಾನ್ಯವಾಗಿ ವಿದ್ಯಾರ್ಥಿಯು ಮೂರನೆಯ ವರ್ಷದ ಕೊನೆಗೆ ವಿಷಯವನ್ನು ಆರಿಸಿಕೊಂಡು, ಒಬ್ಬ ಅಧ್ಯಾಪಕರನ್ನು ಮಾರ್ಗದರ್ಶಕರಾಗಿ ಪಡೆಯುತ್ತಾನೆ. ನಾಲ್ಕನೆಯ ವರ್ಷವೆಲ್ಲ ಗ್ರಂಥಾಲಯ, ಪ್ರಯೋಗಾಲಯ ಅಥವಾ ಕ್ಷೇತ್ರಕಾರ್ಯದಲ್ಲಿ ಕಳೆಯುತ್ತದೆ. ಬರೆದ ಒಂದೊಂದು ಅಧ್ಯಾಯವನ್ನೂ ಮಾರ್ಗದರ್ಶಕರು ಓದಿ ತಿದ್ದಿಸುತ್ತಾರೆ. ಪ್ರಬಂಧ ಸಲ್ಲಿಸಿದ ಮೇಲೆ ಅನೇಕ ಕಡೆಗಳಲ್ಲಿ ಮೌಖಿಕ ಪರೀಕ್ಷೆಯೂ ಉಂಟು. ಇದು ಡಾಕ್ಟರೇಟಿನ ಮಹಾಪ್ರಬಂಧವಲ್ಲ. ಇಪ್ಪತ್ತೊಂದು ವರ್ಷದ ತರುಣನಿಂದ ಜ್ಞಾನಪ್ರಪಂಚಕ್ಕೆ ಹೊಸ ಸಿದ್ಧಾಂತವನ್ನು ಯಾರೂ ನಿರೀಕ್ಷಿಸುವುದಿಲ್ಲ. ಪ್ರಶ್ನೆ ಸ್ಪಷ್ಟವಾಗಿದೆಯೇ, ಆಧಾರಗಳು ಪ್ರಾಮಾಣಿಕವೇ, ನಿರ್ಣಯವು ಆಧಾರಗಳನ್ನು ಮೀರಿ ಹೋಗಿಲ್ಲವೇ ಎಂಬಿಷ್ಟನ್ನೇ ನೋಡಲಾಗುತ್ತದೆ.

ಆದರೂ ಕೆಲವೊಮ್ಮೆ ನಿರೀಕ್ಷೆ ಮೀರಿದ ಫಲ ದೊರೆತದ್ದುಂಟು. 1939ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪದವಿ ವಿದ್ಯಾರ್ಥಿಯಾಗಿದ್ದ ರಿಚರ್ಡ್ ಫೈನ್‌ಮನ್ನರಿಗೆ ಪ್ರಾಧ್ಯಾಪಕ ಸ್ಲೇಟರ್ ಅವರು ಒಂದು ಪ್ರಶ್ನೆಯನ್ನು ಸೂಚಿಸಿದರು: ಬೆಣಚುಕಲ್ಲು ಕಾಯಿಸಿದಾಗ ಅಷ್ಟು ಕಡಿಮೆ ಹಿಗ್ಗುವುದೇಕೆ? ತರುಣನು ಅಲ್ಲಿಗೇ ನಿಲ್ಲದೆ, ಅಣುಗಳೊಳಗಿನ ಬಲಗಳನ್ನು ಲೆಕ್ಕಹಾಕುವ ಬಗೆ ಹೇಗೆಂದು ಮೂಲಕ್ಕೇ ಕೈಹಾಕಿದನು. ಎಲೆಕ್ಟ್ರಾನುಗಳ ವಿದ್ಯುದಾವೇಶ ಹೇಗೆ ಹಂಚಿಕೊಂಡಿದೆಯೆಂದು ತಿಳಿದರೆ, ಪರಮಾಣುವಿನ ಬೀಜಕೇಂದ್ರದ ಮೇಲಿನ ಬಲವನ್ನು ಸಾಮಾನ್ಯ ವಿದ್ಯುದ್ಬಲದ ನಿಯಮದಿಂದಲೇ ಪಡೆಯಬಹುದೆಂದು ತೋರಿಸಿದನು. ಆ ಪ್ರಬಂಧದ ಸಾರ ಅದೇ ವರ್ಷ ‘ಫಿಸಿಕಲ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಾನ್ಸ್ ಹೆಲ್ಮನ್ ಎಂಬ ವಿಜ್ಞಾನಿ ಇದಕ್ಕೆ ಮೊದಲೇ ಸ್ವತಂತ್ರವಾಗಿ ಇದೇ ಫಲಿತಾಂಶವನ್ನು ಕಂಡಿದ್ದುದರಿಂದ ಇಂದು ಅದು ಇಬ್ಬರ ಹೆಸರಿನಲ್ಲಿಯೂ ಪ್ರಮೇಯವಾಗಿ ನಿಂತಿದೆ.

ಮಾನವಿಕ ಹಾಗೂ ಸಮಾಜ ವಿಷಯಗಳಲ್ಲಿಯೂ ಇಂಥ ನಿದರ್ಶನಗಳಿವೆ. ಮುಂದೆ ಕವಯಿತ್ರಿಯಾಗಿ ಪ್ರಸಿದ್ಧರಾದ ಸಿಲ್ವಿಯಾ ಪ್ಲಾತ್ ಅವರು 1955ರಲ್ಲಿ ಸ್ಮಿತ್ ಕಾಲೇಜಿಗೆ ಸಲ್ಲಿಸಿದ ಪ್ರಬಂಧ ದಾಸ್ತೊಯೆವ್ಸ್ಕಿಯ ಎರಡು ಕಾದಂಬರಿಗಳಲ್ಲಿ ಬರುವ ಪ್ರತಿರೂಪ ಪಾತ್ರಗಳನ್ನು ಕುರಿತದ್ದು. ಪ್ರಿನ್ಸ್‌ಟನ್ನಿನ ವೆಂಡಿ ಕಾಪ್ ಎಂಬ ವಿದ್ಯಾರ್ಥಿನಿ 1989ರಲ್ಲಿ, ಪದವೀಧರ ತರುಣರು ಎರಡು ವರ್ಷ ಬಡ ಪ್ರದೇಶಗಳ ಶಾಲೆಗಳಲ್ಲಿ ಪಾಠ ಹೇಳುವ ಯೋಜನೆಯನ್ನೇ ಪ್ರಬಂಧವಾಗಿ ಬರೆದರು. ಮರುವರ್ಷ ಅದು ಕಾರ್ಯರೂಪಕ್ಕೆ ಬಂದು, ಸುಮಾರು 500 ತರುಣ ಶಿಕ್ಷಕರು ಶಾಲೆಗಳಿಗೆ ತೆರಳಿದರು. ‘ಟೀಚ್ ಫಾರ್ ಅಮೆರಿಕ’ ಎಂಬ ಆ ಸಂಸ್ಥೆಯ ಮೂಲ ಒಂದು ವಿದ್ಯಾರ್ಥಿ ಪ್ರಬಂಧವೆಂಬುದು ಶಿಕ್ಷಕರಾದವರು ಗಮನಿಸತಕ್ಕ ಸಂಗತಿ.

ಸೃಜನಶೀಲ ಕ್ಷೇತ್ರಗಳು

ಸಂಶೋಧನೆಯೆಂದರೆ ಅಂಕಿಅಂಶ, ಅಡಿಟಿಪ್ಪಣಿಗಳಷ್ಟೇ ಎಂಬ ಭಾವನೆ ಸರಿಯಲ್ಲ. ಕಾದಂಬರಿ, ಕವನಸಂಕಲನ, ನಾಟಕ, ಸಂಗೀತರಚನೆ, ಚಿತ್ರಗಳ ಪ್ರದರ್ಶನ ಇವೂ ಅನೇಕ ಕಾಲೇಜುಗಳಲ್ಲಿ ಆನರ್ಸ್ ಪ್ರಬಂಧದ ಸ್ಥಾನ ಪಡೆಯುತ್ತವೆ. ಪ್ರಿನ್ಸ್‌ಟನ್ನಿನಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಜೊನಾಥನ್ ಸಫ್ರನ್ ಫೋಯರ್ ಅವರು ಲೇಖಕಿ ಜಾಯ್ಸ್ ಕೆರೊಲ್ ಓಟ್ಸ್ ಅವರ ಮಾರ್ಗದರ್ಶನದಲ್ಲಿ ತಮ್ಮ ಅಜ್ಜನ ಬದುಕಿನ ಜಾಡು ಹಿಡಿದು ಬರೆದ ಕೃತಿ, ಬೆಳೆದು ತಿದ್ದಲ್ಪಟ್ಟು 2002ರಲ್ಲಿ ಕಾದಂಬರಿಯಾಗಿ ಪ್ರಕಟವಾಯಿತು.

ನಮ್ಮವರಲ್ಲೇ ಇದಕ್ಕೆ ಸಮೀಪದ ಒಂದು ಉದಾಹರಣೆಯಿದೆ. ಗಿರೀಶ್ ಕಾಸರವಳ್ಳಿಯವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ವ್ಯಾಸಂಗ ಮುಗಿಸುವಾಗ ತಯಾರಿಸಿದ ಡಿಪ್ಲೊಮಾ ಚಿತ್ರ ‘ಅವಶೇಷ’ ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು. 1977ರ ‘ಘಟಶ್ರಾದ್ಧ’ ಅದರ ಬೆನ್ನಿಗೇ ಬಂದಿತು. ಅದು ಪದವಿಯ ನಂತರದ ವ್ಯಾಸಂಗವಾದರೂ ತತ್ತ್ವ ಒಂದೇ: ಕಲಿತ ವಿದ್ಯೆಯಿಂದ ಸ್ವಂತದ್ದೊಂದು ಪೂರ್ಣಕೃತಿಯನ್ನು ಕಟ್ಟಿ ಅದಕ್ಕೆ ಹೊಣೆಯಾಗಿ ನಿಲ್ಲುವುದು. ಕಲೆಯಲ್ಲಿಯೂ ಶಿಸ್ತಿಗೆ ರಿಯಾಯಿತಿ ಇಲ್ಲ.

ನಮ್ಮ ನಾಡಿನ ಪರಿಸ್ಥಿತಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ಆರಂಭಿಸಿದ ನಾಲ್ಕು ವರ್ಷಗಳ ಪದವಿಯಲ್ಲಿ ಅಂತಿಮ ವರ್ಷದ ಸಂಶೋಧನಾ ಕಾರ್ಯಕ್ಕೆ ಪ್ರಮುಖ ಸ್ಥಾನವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನು ವ್ಯಾಪಕಗೊಳಿಸಬಯಸಿತು. ಅದನ್ನನುಸರಿಸಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡ 75 ಅಥವಾ ಅದಕ್ಕಿಂತ ಹೆಚ್ಚು ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ 12 ಕ್ರೆಡಿಟ್ಟುಗಳ ಸಂಶೋಧನಾ ಪ್ರಬಂಧವನ್ನು ಕೈಗೊಳ್ಳಬಹುದು. ಕರ್ನಾಟಕದಲ್ಲಿ 2021–22ರಿಂದ ನಾಲ್ಕು ವರ್ಷಗಳ ಕ್ರಮ ಜಾರಿಗೆ ಬಂದಿತಾದರೂ, 2024–25ರಿಂದ ರಾಜ್ಯ ಸರ್ಕಾರವು ಮೂರು ವರ್ಷಗಳ ಪದವಿಗೆ ಮರಳಿತು. ಮತ್ತೊಂದು ವರ್ಷದ ವೆಚ್ಚವನ್ನು ಬಡ ಕುಟುಂಬ ಹೊರಲಾರದೆಂಬ ಮಾತಿನಲ್ಲಿ ಸತ್ಯವಿದೆ. ಆದರೆ ವರ್ಷ ಹೋದಾಗ ಪ್ರಬಂಧವೂ ಕೈಬಿಟ್ಟು ಹೋದರೆ ಆ ನಷ್ಟ ಬಡ ವಿದ್ಯಾರ್ಥಿಗೇ ಹೆಚ್ಚು. ಶ್ರೀಮಂತರ ಮಕ್ಕಳು ಇದನ್ನು ಪರದೇಶದಲ್ಲಾದರೂ ಪಡೆದಾರು; ಹಳ್ಳಿಯ ಮಗುವಿಗೆ ಇನ್ನೊಂದು ದಾರಿಯಿಲ್ಲ.

ಇನ್ನೊಂದು ಅಪಾಯವೂ ಉಂಟು. ಅಂಗಡಿಯಲ್ಲಿ ಸಿದ್ಧಪ್ರಬಂಧ ದೊರೆಯುವ, ಯಂತ್ರವೇ ವಾಕ್ಯ ಜೋಡಿಸಿಕೊಡುವ ಈ ಕಾಲದಲ್ಲಿ ಪುಟಗಳ ಸಂಖ್ಯೆಯಿಂದ ಏನೂ ಸಿದ್ಧವಾಗದು. ಬರೆದವನನ್ನು ಎದುರಿಗೆ ಕೂರಿಸಿಕೊಂಡು ಕೇಳುವುದೊಂದೇ ಉಪಾಯ. ಈ ಪರಂಪರೆ ನಮಗೆ ಹೊರಗಿನದಲ್ಲ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರನ್ನು ಪ್ರಶ್ನೆಯ ಮೇಲೆ ಪ್ರಶ್ನೆಯಿಂದ ಪರೀಕ್ಷಿಸುವ ಪ್ರಸಂಗವನ್ನು ಓದುಗರು ಸ್ಮರಿಸಬಹುದು. ಅಲ್ಲಿಯ ವಿಷಯ ಅನುಭಾವ, ಇಲ್ಲಿಯದು ಲೌಕಿಕ ವಿದ್ಯೆ. ಆದರೆ ನುಡಿದವರು ನುಡಿಗೆ ಹೊಣೆಯಾಗಬೇಕೆಂಬ ನಿಯಮ ಎರಡೆಡೆಯೂ ಒಂದೇ.

ನಾವು ಮಾಡಬಹುದಾದುದು

ನಾಲ್ಕನೆಯ ವರ್ಷವಿಲ್ಲದಿದ್ದರೂ ಪ್ರಬಂಧದ ಸತ್ತ್ವವನ್ನು ಉಳಿಸಿಕೊಳ್ಳಬಹುದು. ಪ್ರೌಢಶಾಲೆಯಲ್ಲಿಯೇ ಅದರ ಬೀಜ ಬಿತ್ತಬಹುದು. ಊರಿನ ಕೆರೆಗೆ ನೀರು ಬರುವ ಹಳ್ಳಗಳಾವುವು, ಅವುಗಳಲ್ಲಿ ಈಗ ಎಷ್ಟು ಉಳಿದಿವೆ? ದೇವಾಲಯದ ಮುಂದಿನ ಶಾಸನದಲ್ಲಿ ಏನಿದೆ? ಅಜ್ಜಿಯರು ಬೀಸುವಾಗ ಹಾಡುತ್ತಿದ್ದ ಪದಗಳು ಎಷ್ಟು ಜನಕ್ಕೆ ನೆನಪಿವೆ? ಇಂಥ ಒಂದು ಪ್ರಶ್ನೆಯ ಮೇಲೆ ಹತ್ತು ಪುಟಗಳನ್ನು ಸ್ವಂತವಾಗಿ ಬರೆದ ಬಾಲಕನಿಗೆ ಮುಂದೆ ನೂರು ಪುಟದ ಪ್ರಬಂಧ ಭಯ ಹುಟ್ಟಿಸದು. ವಿಜಯಪುರದ ಫ. ಗು. ಹಳಕಟ್ಟಿಯವರು ವಕೀಲಿ ವೃತ್ತಿಯಲ್ಲಿದ್ದುಕೊಂಡೇ ತಾಡೋಲೆಗಳನ್ನು ಅರಸಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಸಂಶೋಧನೆಯ ಸಾಮಗ್ರಿ ನಮ್ಮ ಮನೆಗಳ ಅಟ್ಟದ ಮೇಲೆಯೇ ಇರಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದಕ್ಕೆ ಭವ್ಯ ಕಟ್ಟಡ ಬೇಡ. ಬೇಕಾದುದು ಗುರುವಿನ ಸಮಯ. ವಾರಕ್ಕೊಮ್ಮೆ ಒಂದು ಗಂಟೆ ಕುಳಿತು ಶಿಷ್ಯನ ಬರಹವನ್ನೋದಿ ‘ಇದು ನಿನಗೆ ಹೇಗೆ ಗೊತ್ತಾಯಿತು?’ ಎಂದು ಕೇಳುವ ಉಪಾಧ್ಯಾಯರಿಲ್ಲದಿದ್ದರೆ ಯಾವ ನಿಯಮಾವಳಿಯೂ ಫಲಿಸದು. ವೈದ್ಯರು, ಎಂಜಿನಿಯರರು, ಕೃಷಿಕರು, ಕಲಾವಿದರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು ಹೊರಪರೀಕ್ಷಕರಾಗಿ ಮಕ್ಕಳನ್ನು ಪ್ರಶ್ನಿಸಬಹುದು. ದಾನಿಗಳು ಗ್ರಂಥಾಲಯಕ್ಕೆ ನಿಘಂಟು, ಗೆಜೆಟಿಯರ್, ಶಾಸನ ಸಂಪುಟಗಳನ್ನು ಒದಗಿಸಿ, ಮಕ್ಕಳ ಬರಹಗಳನ್ನು ರಟ್ಟು ಕಟ್ಟಿಸಿ ಇಡಲು ಒಂದು ಕಪಾಟನ್ನು ಕೊಡಿಸಬಹುದು. ಶ್ರೀಮಠವು ಅನ್ನದೊಡನೆ ಅಕ್ಷರವನ್ನೂ ದಾಸೋಹವೆಂದು ಭಾವಿಸಿ ನಡೆಸಿಕೊಂಡು ಬಂದಿದೆ. ಪಡೆದ ಅಕ್ಷರವನ್ನು ಸ್ವಂತ ದುಡಿಮೆಯಿಂದ ವಿಚಾರವನ್ನಾಗಿ ಮಾಡಿ ಸಮಾಜಕ್ಕೆ ಹಿಂದಿರುಗಿಸುವುದು ವಿದ್ಯಾರ್ಥಿಯ ಕಾಯಕ. ಆ ಕಾಯಕಕ್ಕೆ ಅವಕಾಶ ಕಲ್ಪಿಸಿಕೊಡುವುದು ಹಿರಿಯರಾದ ನಮ್ಮೆಲ್ಲರ ಹೊಣೆಯಾಗಿದೆ.