ಯಂತ್ರದ ನುಡಿಯನ್ನು ಆಲಿಸುವ ವಿದ್ಯೆ

ಕಸುಬೆಂಬುದು ಕೇವಲ ಕೈಚಳಕವಲ್ಲ; ಅದು ಎಚ್ಚರದ ಇನ್ನೊಂದು ಹೆಸರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅಕ್ಕಿ ಗಿರಣಿ, ಗೇರುಬೀಜದ ಕಾರ್ಖಾನೆಗಳಲ್ಲಿ ಯಂತ್ರ ನೋಡಿಕೊಳ್ಳುವವರಿಗೆ ಈ ಮಾತಿನ ಸತ್ಯ ಚೆನ್ನಾಗಿ ತಿಳಿದಿದೆ.

ಹಳೆಯ ಮೇಸ್ತ್ರಿಗಳಿಗೆ ಕಿವಿ, ಮೂಗು, ಅಂಗೈಗಳೇ ಉಪಕರಣಗಳು. ಮರದ ಕೋಲಿನ ಒಂದು ತುದಿಯನ್ನು ಬೇರಿಂಗಿನ ಕವಚಕ್ಕೆ ತಾಗಿಸಿ, ಇನ್ನೊಂದು ತುದಿಗೆ ಕಿವಿಗೊಟ್ಟು ಆಲಿಸುವುದು ಅವರ ಪರೀಕ್ಷಾ ಕ್ರಮ. ಏಕರೀತಿಯ ಝೇಂಕಾರ ಕ್ಷೇಮದ ಲಕ್ಷಣ. ಕರಕರ ಸದ್ದು ಸವೆತದ ಮುನ್ಸೂಚನೆ. ಇಂದಿನ ಕಂಪನಮಾಪಕವೂ ಹುಡುಕುವುದು ಇದನ್ನೇ. ಗ್ರೀಸಿನ ವಿಷಯದಲ್ಲಿಯೂ ಅವರು ಮಿತವನ್ನು ಬೋಧಿಸಿದರು. ಕಡಿಮೆಯಾದರೆ ಲೋಹ ಲೋಹವನ್ನು ತಿನ್ನುತ್ತದೆ. ಅತಿಯಾಗಿ ತುಂಬಿದರೆ ಗ್ರೀಸು ಕಡೆದಂತಾಗಿ ಬೇರಿಂಗು ಬಿಸಿಯೇರುತ್ತದೆ. ಸುಟ್ಟ ಬೇರಿಂಗನ್ನು ಬದಲಿಸಿದರಷ್ಟೇ ಸಾಲದು, ಅದು ಸುಟ್ಟುದೇಕೆ ಎಂಬುದನ್ನು ಅರಿಯದೆ ಹೊಸದನ್ನು ಕೂರಿಸಬಾರದು ಎಂಬುದು ಅವರ ನಿಯಮ.

ಈ ಸೀಮೆಯಲ್ಲಿ ಯಂತ್ರದ ದೊಡ್ಡ ವೈರಿ ಮಳೆಗಾಲ. 1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆ ಜಲಾವೃತವಾದುದನ್ನು ಹಿರಿಯರು ಮರೆತಿಲ್ಲ; 2019ರ ಆಗಸ್ಟಿನ ನೆರೆ ಬೆಳ್ತಂಗಡಿ ತಾಲೂಕನ್ನು ನಲುಗಿಸಿತು. ನೆರೆ ಇಳಿದೊಡನೆ ಮೋಟಾರು ತಿರುಗಿಸುವ ಆತುರವೇ ನಷ್ಟದ ಮೂಲ. ಕೆಸರು ತೊಳೆದು, ಸುರುಳಿಯನ್ನು ಹದವಾದ ಶಾಖದಲ್ಲಿ ಒಣಗಿಸಿ, ಬೇರಿಂಗುಗಳನ್ನು ಶುಚಿಗೊಳಿಸಿ, ಮೆಗ್ಗರಿನಿಂದ ನಿರೋಧಕತೆಯನ್ನು ಅಳೆದ ಮೇಲೆಯೇ ವಿದ್ಯುತ್ತು ಕೊಡತಕ್ಕದ್ದು. ಎರಡು ದಿನದ ತಾಳ್ಮೆ ಮೋಟಾರನ್ನು ಉಳಿಸೀತು. ಒಂದು ಕ್ಷಣದ ಅವಸರ ಅದನ್ನು ಸುಟ್ಟೀತು.

ಇವೆಲ್ಲಕ್ಕಿಂತ ಮಿಗಿಲಾದ ಪಾಠ ಇನ್ನೊಂದಿದೆ. ಯಂತ್ರಕ್ಕೆ ಕೈಯಿಕ್ಕುವ ಮೊದಲು ಮೇಸ್ತ್ರಿಯು ಮುಖ್ಯ ಸ್ವಿಚ್ಚನ್ನು ಇಳಿಸಿ, ಫ್ಯೂಸನ್ನು ಕಳಚಿ ತನ್ನ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದನು. ತನಗೆ ತಿಳಿಯದೆ ಬೇರೊಬ್ಬರು ಯಂತ್ರವನ್ನು ಚಾಲನೆಗೊಳಿಸಬಾರದೆಂಬುದೇ ಅದರ ಉದ್ದೇಶ. ಇಂದು ದೊಡ್ಡ ಕಾರ್ಖಾನೆಗಳಲ್ಲಿ ದುರಸ್ತಿ ಮಾಡುವವನು ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ, ಹೆಸರಿನ ಚೀಟಿ ತೂಗುಬಿಟ್ಟು, ಕೀಲಿಕೈಯನ್ನು ತನ್ನಲ್ಲಿಯೇ ಇರಿಸಿಕೊಳ್ಳುತ್ತಾನೆ. ಸಾಧನ ಬದಲಾಗಿದೆ, ತತ್ತ್ವ ಬದಲಾಗಿಲ್ಲ. ಈ ಒಂದು ಅಭ್ಯಾಸವನ್ನು ಕೈಬಿಟ್ಟುದರಿಂದ ಬೆರಳನ್ನೋ ಪ್ರಾಣವನ್ನೋ ನೀಗಿದವರು ಲೋಕದಲ್ಲಿ ಅನೇಕರು.

ಉಪಕರಣಗಳನ್ನು ಹಣ ಕೊಟ್ಟು ತರಬಹುದು. ಆಲಿಸುವ ಕಿವಿಯನ್ನು ಮಾತ್ರ ಬಲ್ಲವರ ಪಕ್ಕದಲ್ಲಿ ನಿಂತೇ ಪಡೆಯಬೇಕು. ಐ.ಟಿ.ಐ. ಮುಗಿಸಿ ಕೆಲಸಕ್ಕೆ ಹೊರಟ ಮಗ ಅಥವಾ ಮಗಳು ಮನೆಯಲ್ಲಿದ್ದರೆ, ಊರಿನ ನಿವೃತ್ತ ಮೇಸ್ತ್ರಿಯ ಬಳಿಗೆ ಒಮ್ಮೆ ಕಳುಹಿಸಿರಿ. ಆ ಹಿರಿಯರು ಇರುವಾಗಲೇ ಕಲಿತುಕೊಳ್ಳುವುದು ಜಾಣತನ.