ಪೋಕರ್: ಮೊದಲ ಸರದಿಯ ಲೆಕ್ಕಾಚಾರ, ಕಾನೂನಿನ ಪ್ರಶ್ನೆ

ಯುಗಾದಿಯ ದಿನಗಳಲ್ಲಿ ಇಸ್ಪೀಟಿಗೆ ಕೂರುವುದು ಹಳೆ ಮೈಸೂರು ಭಾಗದ ರೂಢಿ. ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ಬೆಂಗಳೂರಿನ ಒಡಲು ಸೇರಿರುವ ಹೊಸಕೆರೆಹಳ್ಳಿಯಂತಹ ಬಡಾವಣೆಗಳಿಗೂ ಅದು ಅಪರಿಚಿತವಲ್ಲ. ಅಂದರ್-ಬಾಹರ್ ಆಡುವವನು ಎಲ್ಲಿ ಕುಳಿತರೂ ಒಂದೇ. ಎಲೆ ಬಿದ್ದ ಕಡೆಗೆ ಹಣ. ಪೋಕರ್ ಹಾಗಲ್ಲ. ಇಲ್ಲಿ ಕುಳಿತ ಜಾಗವೇ ಕೈಯಲ್ಲಿರುವ ಎಲೆಯ ಬೆಲೆಯನ್ನು ಬದಲಿಸುತ್ತದೆ. ಇದು ಜೂಜೋ ಕೌಶಲದ ಆಟವೋ ಎಂಬ ವಾದದಲ್ಲಿ ಈ ವ್ಯತ್ಯಾಸಕ್ಕೆ ಮಹತ್ವವಿದೆ.

ಹೆಚ್ಚು ಪ್ರಚಲಿತವಾದ ಟೆಕ್ಸಾಸ್ ಹೋಲ್ಡೆಮ್ ಮಾದರಿಯಲ್ಲಿ ಪ್ರತಿಯೊಬ್ಬರಿಗೂ ಎರಡು ಎಲೆಗಳನ್ನು ಗುಟ್ಟಾಗಿ ಹಂಚಲಾಗುತ್ತದೆ. ಅನಂತರ ಎಲ್ಲರಿಗೂ ಸಲ್ಲುವ ಐದು ಎಲೆಗಳು ಮೇಜಿನ ಮೇಲೆ ತೆರೆದುಕೊಳ್ಳುತ್ತವೆ. ಡೀಲರ್ ಸ್ಥಾನದ ಎಡಗಡೆಯ ಇಬ್ಬರು 'ಬ್ಲೈಂಡ್' ಎಂಬ ಕಡ್ಡಾಯ ಪಣ ಇಡಬೇಕು. ಅವರ ಪಕ್ಕದವನದೇ ಮೊದಲ ನಿರ್ಧಾರ: ಎಲೆ ಬಿಡುವುದು, ಸಮನಾಗಿ ಕಟ್ಟುವುದು ಅಥವಾ ಪಣ ಏರಿಸುವುದು. ಒಂಬತ್ತು ಜನರ ಮೇಜಿನಲ್ಲಿ ಅವನ ನಂತರ ಇನ್ನೂ ಎಂಟು ಮಂದಿ ನಿರ್ಧರಿಸಬೇಕಾಗಿರುತ್ತದೆ.

ಎಂಟು ಜನರ ಅಪಾಯ

52 ಎಲೆಗಳಿಂದ ಎರಡೆಲೆಯ 1,326 ಜೋಡಣೆಗಳು ಸಾಧ್ಯ. ಜೋಡಿ ಎಕ್ಕ ಬರುವುದು 221 ಬಾರಿಗೊಮ್ಮೆ. ಜೋಡಿ ಎಕ್ಕ, ರಾಜ, ರಾಣಿ, ಗುಲಾಮ ಹಾಗೂ ಎಕ್ಕ-ರಾಜ ಎಲ್ಲ ಸೇರಿದರೂ 40 ಜೋಡಣೆಗಳು. ಅಂದರೆ ನೂರಕ್ಕೆ ಮೂರು. ಆದರೆ ಹಿಂದೆ ಎಂಟು ಮಂದಿ ಇರುವಾಗ ಅವರಲ್ಲಿ ಒಬ್ಬರಿಗಾದರೂ ಇಂತಹ ಎಲೆ ಬಂದಿರುವ ಸಂಭವ ಸುಮಾರು ನೂರಕ್ಕೆ 22. ಡೀಲರ್ ಸ್ಥಾನದಲ್ಲಿರುವವನ ಸರದಿ ಬರುವ ಹೊತ್ತಿಗೆ ಉಳಿದವರೆಲ್ಲ ಎಲೆ ಬಿಟ್ಟಿದ್ದರೆ, ಅವನಿಗೆ ಇಬ್ಬರದೇ ಭಯ; ಸಂಭವವೂ ನೂರಕ್ಕೆ ಆರಕ್ಕೆ ಇಳಿಯುತ್ತದೆ.

ಆದುದರಿಂದಲೇ ಎಕ್ಕ-ಗುಲಾಮ ಕೊನೆಯ ಸರದಿಯಲ್ಲಿ ಆಡತಕ್ಕ ಎಲೆಯಾದರೂ ಮೊದಲ ಸರದಿಯಲ್ಲಿ ಅನುಮಾನಾಸ್ಪದ. ಎದುರಾಳಿಯ ಕೈಯಲ್ಲಿ ಎಕ್ಕ-ರಾಜ ಇದ್ದರೆ ಅದು ಗೆಲ್ಲುವುದು ಸುಮಾರು ನಾಲ್ಕರಲ್ಲಿ ಒಂದು ಬಾರಿ ಮಾತ್ರ.

ನಿಜವಾಗಿಯೂ ಬಲವಾದ ಎಲೆ ಬಂದಾಗ ಅದನ್ನು ಬಚ್ಚಿಟ್ಟು ಸಮ ಪಣ ಕಟ್ಟುವುದು ಹೊಸಬರ ಸಾಮಾನ್ಯ ಆಸೆ. ಲೆಕ್ಕ ಇದಕ್ಕೆ ವಿರುದ್ಧವಾಗಿದೆ. ಯಾವುದೋ ಎಲೆ ಹಿಡಿದ ಒಬ್ಬನೆದುರು ಜೋಡಿ ಎಕ್ಕ ನೂರಕ್ಕೆ 85 ಬಾರಿ ಗೆಲ್ಲುತ್ತದೆ; ಎಂಟು ಜನರೂ ಕೊನೆಯವರೆಗೆ ಉಳಿದರೆ ಗೆಲುವು ಸುಮಾರು 35ಕ್ಕೆ ಕುಸಿಯುತ್ತದೆ. ಪಣ ಏರಿಸಿದರೆ ಗುಂಪು ಚದುರುತ್ತದೆ, ಉಳಿದವರಿಂದ ಹೆಚ್ಚು ಹಣವೂ ಬರುತ್ತದೆ.

ಟೂರ್ನಮೆಂಟಿನಲ್ಲಿ ಬ್ಲೈಂಡ್ ಕಾಲಕಾಲಕ್ಕೆ ಏರುವುದರಿಂದ ಆಟಗಾರನಿಗೆ ಅವಸರವಿರುತ್ತದೆ. ನಗದು ಆಟದಲ್ಲಿ ಅದು ಸ್ಥಿರ. ಮೊದಲ ಸರದಿಯಲ್ಲಿ ಎಲೆ ಬಿಟ್ಟರೆ ಆ ಕೈಯಲ್ಲಿ ಒಂದು ಪೈಸೆಯೂ ನಷ್ಟವಿಲ್ಲ. ತಾಳ್ಮೆಗೆ ಇಷ್ಟು ಅಗ್ಗದ ಜಾಗ ಮೇಜಿನಲ್ಲಿ ಬೇರೊಂದಿಲ್ಲ.

ನ್ಯಾಯಾಲಯ ಕಂಡಂತೆ

1963ರ ಕರ್ನಾಟಕ ಪೊಲೀಸ್ ಕಾಯ್ದೆ ಕೌಶಲದ ಆಟಗಳಿಗೆ ವಿನಾಯಿತಿ ನೀಡುತ್ತದೆ. ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಪರವಾನಗಿ ಬೇಕಿಲ್ಲವೆಂದು ರಾಜ್ಯ ಹೈಕೋರ್ಟ್ 2013ರಲ್ಲಿ ಹೇಳಿತು. ಗುಜರಾತ್ ಹೈಕೋರ್ಟ್ 2017ರಲ್ಲಿ ಅದನ್ನೇ ಜೂಜೆಂದು ತೀರ್ಮಾನಿಸಿತು. ಹಣ ಕಟ್ಟುವ ಆನ್‌ಲೈನ್ ಆಟಗಳ ವಿರುದ್ಧ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಬದಿಗಿರಿಸಿ, ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ.

ಎರಡೂ ವಾದಗಳಿಗೆ ಲೆಕ್ಕದಲ್ಲಿಯೇ ಆಧಾರವಿದೆ. ಎಲೆ ಆಯ್ದು ಆಡುವ ಜಾಣ್ಮೆ ಫಲ ನೀಡುವುದು ಸಾವಿರಾರು ಕೈಗಳ ನಂತರ. ಒಂದು ರಾತ್ರಿಯ ಮಟ್ಟಿಗೆ ಜೋಡಿ ಎಕ್ಕ ಹಿಡಿದವನೂ ಬರಿಗೈಯಲ್ಲಿ ಏಳಬಹುದು. ಸಂಸಾರದ ಹಣವನ್ನು ಮೇಜಿಗೆ ತಂದವನಿಗೆ ಆ ಸಾವಿರ ಕೈಗಳವರೆಗೆ ಕಾಯುವ ಶಕ್ತಿ ಇರುವುದಿಲ್ಲ.