ಸಂಬಳದ ಶೀಟಿಗೆ ಗೊತ್ತಿಲ್ಲದ ಸಂಗತಿಗಳು

ಬೆಂಗಳೂರಿನ ಪೀಣ್ಯದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ಎಷ್ಟೋ ಸಣ್ಣ ಕಾರ್ಖಾನೆಗಳ ಸಂಬಳದ ಲೆಕ್ಕ ಇವತ್ತಿಗೂ ನಡೆಯುವುದು ಎಕ್ಸೆಲ್ ಶೀಟಿನಲ್ಲಿ. ಹಾಜರಿ ಪುಸ್ತಕದ ಅಂಕಿಗಳನ್ನು ತುಂಬಿದರೆ ಸಾಕು, ಪಿಎಫ್, ಇಎಸ್‌ಐ, ವೃತ್ತಿ ತೆರಿಗೆ ಎಲ್ಲ ಕಳೆದು ಕೈಗೆ ಬರುವ ಮೊತ್ತ ಕೊನೆಯ ಕಾಲಮ್ಮಿನಲ್ಲಿ ನಿಲ್ಲುತ್ತದೆ. ಕಂಪ್ಯೂಟರ್ ಮಾಡಿದ ಲೆಕ್ಕ ಎಂದಮೇಲೆ ಯಾರೂ ಪ್ರಶ್ನಿಸುವುದಿಲ್ಲ. ಶೀಟು ಕೂಡಿ ಕಳೆಯುವುದರಲ್ಲಿ ತಪ್ಪುವುದಿಲ್ಲ, ನಿಜ. ಆದರೆ ತಾನು ಕೂಡುತ್ತಿರುವುದು ಗಂಟೆಯನ್ನೋ ದಿನವನ್ನೋ ರೂಪಾಯಿಯನ್ನೋ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿದಿರಬೇಕಾದವರು ಫಾರ್ಮುಲಾ ಬರೆಯುವವರು.

ಈ ಶೀಟಿನ ಕಲ್ಪನೆ ಹುಟ್ಟಿದ್ದು 1978ರಲ್ಲಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ ಡ್ಯಾನ್ ಬ್ರಿಕ್ಲಿನ್‌ಗೆ ಒಂದು ತೊಂದರೆ ಕಣ್ಣಿಗೆ ಬಿತ್ತು. ಕಪ್ಪುಹಲಗೆಯ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ, ಅದನ್ನು ಆಧರಿಸಿದ ಅಂಕಿಗಳನ್ನೆಲ್ಲ ಅಳಿಸಿ ಮತ್ತೆ ಬರೆಯಬೇಕು. ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜತೆ ಸೇರಿ 1979ರಲ್ಲಿ ಅವರು ಆಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ತಂದರು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಎಕ್ಸೆಲ್ ಬಂದವು. ಇಂದಿನ ಶೀಟುಗಳು ಯಾವ ಸೆಲ್ ಯಾವುದನ್ನು ಅವಲಂಬಿಸಿದೆ ಎಂಬ ಸಂಬಂಧಗಳ ನಕ್ಷೆಯನ್ನು ಒಳಗೇ ಇಟ್ಟುಕೊಂಡಿರುತ್ತವೆ. ಹಾಜರಿಯನ್ನು 25ರಿಂದ 26ಕ್ಕೆ ತಿದ್ದಿದ ಕೂಡಲೇ ಅದಕ್ಕೆ ಸಂಬಂಧಿಸಿದ ಸೆಲ್‌ಗಳು ಸರಿಯಾದ ಕ್ರಮದಲ್ಲಿ ಮರುಲೆಕ್ಕವಾಗುವುದು ಹೀಗೆ.

ಒಬ್ಬ ಕಾರ್ಮಿಕನ ಲೆಕ್ಕವನ್ನೇ ಹತ್ತಿರದಿಂದ ನೋಡೋಣ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ ₹14,170, ಬೇರೆ ಭತ್ಯೆಯಿಲ್ಲ, ಆ ತಿಂಗಳು ಓಟಿಯೂ ಇಲ್ಲ ಎಂದುಕೊಳ್ಳಿ. ಪಿಎಫ್‌ಗೆ ಕಾರ್ಮಿಕನ ಪಾಲು ಶೇ 12, ಅಂದರೆ ₹1,700.40. ಇದನ್ನು ಹತ್ತಿರದ ರೂಪಾಯಿಗೆ ತಂದರೆ ₹1,700. ಇಎಸ್‌ಐ ಪಾಲು 2019ರ ಜುಲೈಯಿಂದ ಶೇ 0.75, ಅಂದರೆ ₹106.275. ಇಲ್ಲಿ ನಿಯಮವೇ ಬೇರೆ. ಪೈಸೆ ಎಷ್ಟೇ ಇರಲಿ, ಮುಂದಿನ ರೂಪಾಯಿಗೆ ಏರಿಸಬೇಕು, ಹಾಗಾಗಿ ₹107. ಕರ್ನಾಟಕದಲ್ಲಿ ವೃತ್ತಿ ತೆರಿಗೆ ₹25,000 ಸಂಬಳದಿಂದ ಶುರುವಾಗುವುದರಿಂದ ಈತನಿಗೆ ಅದಿಲ್ಲ. ಕೈಗೆ ಬರುವುದು ₹12,363.

ಫಾರ್ಮುಲಾದಲ್ಲಿ ಪಿಎಫ್‌ಗೆ ‘ರೌಂಡ್’, ಇಎಸ್‌ಐಗೆ ‘ರೌಂಡ್‌ಅಪ್’ ಬಳಸಬೇಕೆಂಬುದು ಇದರಿಂದ ಸ್ಪಷ್ಟ. ಎರಡನ್ನೂ ಬಿಟ್ಟು, ಸೆಲ್‌ನಲ್ಲಿ ಪೈಸೆ ಕಾಣದಂತೆ ಫಾರ್ಮ್ಯಾಟ್ ಮಾಡಿ ಸುಮ್ಮನಾಗುವವರು ಬಹಳ. ಆಗ ಪರದೆಯ ಮೇಲೆ 1,700 ಎಂದೇ ಕಂಡರೂ ಒಳಗೆ 1,700.40 ಹಾಗೇ ಕುಳಿತಿರುತ್ತದೆ. ಇದೇ ಸಂಬಳದ 50 ಮಂದಿಯ ಪಿಎಫ್ ಕೂಡಿದರೆ ಶೀಟು 85,020 ಎನ್ನುತ್ತದೆ. ಸಂಬಳ ಚೀಟಿಗಳಲ್ಲಿನ ಪಿಎಫ್ ಅಂಕಿಗಳನ್ನು ಕೈಯಲ್ಲಿ ಕೂಡಿದರೆ ಬರುವುದು 85,000. ಕಾಣುವ ಅಂಕಿ ಬೇರೆ, ಇರುವ ಅಂಕಿ ಬೇರೆ ಆದಾಗ ಪಿಎಫ್ ಕಟ್ಟುವ ಚಲನ್ ತಾಳೆಯಾಗುವುದಿಲ್ಲ.

ಇದಕ್ಕಿಂತ ಹೆಚ್ಚು ನಷ್ಟ ಮಾಡುವುದು ಸಮಯದ ಲೆಕ್ಕ. ಶೀಟಿನ ಒಳಗೆ ಗಂಟೆ, ನಿಮಿಷ ಎಂಬ ಪದಾರ್ಥಗಳೇ ಇಲ್ಲ. ಎಕ್ಸೆಲ್‌ಗೆ 1900ರ ಜನವರಿ 1 ಎಂದರೆ 1. ಅಲ್ಲಿಂದ ಮುಂದೆ ಒಂದೊಂದು ದಿನಕ್ಕೆ ಒಂದೊಂದು ಅಂಕಿ, ದಿನದೊಳಗಿನ ಹೊತ್ತು ಅದರ ಭಾಗ. ಬೆಳಗಿನ ಆರು ಗಂಟೆ ಎಂದರೆ 0.25. ರಾತ್ರಿ ಹತ್ತು ಎಂದರೆ ಸುಮಾರು 0.917. ರಾತ್ರಿ ಪಾಳಿಯವನು ಹತ್ತಕ್ಕೆ ಬಂದು ಬೆಳಗ್ಗೆ ಆರಕ್ಕೆ ಹೋದರೆ, ಹೋದ ಹೊತ್ತಿನಿಂದ ಬಂದ ಹೊತ್ತನ್ನು ಕಳೆದಾಗ ಉತ್ತರ ಋಣಾತ್ಮಕವಾಗುತ್ತದೆ, ಸೆಲ್ ತುಂಬ ಹ್ಯಾಶ್ ಗುರುತುಗಳು ಬರುತ್ತವೆ. ವ್ಯತ್ಯಾಸವನ್ನು ‘ಮಾಡ್’ ಫಂಕ್ಷನ್ನಿಗೆ ಕೊಟ್ಟು 1ರಿಂದ ಭಾಗಿಸಿದ ಶೇಷ ತೆಗೆದರೆ 0.333 ಬರುತ್ತದೆ. ದಿನದ ಮೂರನೇ ಒಂದು ಭಾಗ, ಅಂದರೆ ಸರಿಯಾಗಿ ಎಂಟು ಗಂಟೆ.

ಈಗ ನಮ್ಮ ಕಾರ್ಮಿಕ ಇನ್ನೊಂದು ತಿಂಗಳು ಒಟ್ಟು 26 ಗಂಟೆ ಓಟಿ ಮಾಡಿದ್ದಾನೆ. ₹14,170 ಅನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ ₹545, ಎಂಟು ಗಂಟೆಯ ದಿನಕ್ಕೆ ಲೆಕ್ಕ ಹಾಕಿದರೆ ಗಂಟೆಗೆ ₹68.125. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಓಟಿಗೆ ದುಪ್ಪಟ್ಟು ದರ ಎಂಬ ನಿಯಮವಿದೆ, ಹಾಗಾಗಿ ಗಂಟೆಗೆ ₹136.25. ಅವನಿಗೆ ಸಲ್ಲಬೇಕಾದ ಓಟಿ ಹಣ ₹3,542.50. ಆದರೆ ದಿನದಿನದ ಓಟಿ ಹೊತ್ತನ್ನು ಕೂಡಿದ ಸೆಲ್‌ನಲ್ಲಿ ಸಾಮಾನ್ಯವಾಗಿ ಕಾಣುವುದು 2:00 ಎಂದು. ಮೊದಲ 24 ಗಂಟೆಯನ್ನು ಒಂದು ದಿನವೆಂದು ಪಕ್ಕಕ್ಕಿಟ್ಟು, ಮಿಕ್ಕ ಎರಡು ಗಂಟೆಯನ್ನಷ್ಟೇ ಅದು ತೋರಿಸುತ್ತಿದೆ. ಇದನ್ನು ನಂಬಿ ಎರಡು ಎಂದು ಟೈಪ್ ಮಾಡಿದರೆ ಅವನಿಗೆ ಸಿಗುವುದು ₹272.50. ಆ ಸೆಲ್ಲನ್ನೇ ನೇರವಾಗಿ ದರದಿಂದ ಗುಣಿಸಿದರೆ ಇನ್ನೂ ಕಡಿಮೆ, ₹147.60, ಏಕೆಂದರೆ ಒಳಗಿರುವ ಅಂಕಿ 26 ಅಲ್ಲ, 1.0833 ದಿನ. ಮೊದಲು 24ರಿಂದ ಗುಣಿಸಿ ಗಂಟೆ ಮಾಡಿಕೊಂಡು, ಆಮೇಲೆ ದರ ಹಚ್ಚಬೇಕು. ಮರೆತ ಒಂದು 24, ಒಬ್ಬ ಮನುಷ್ಯನ ಮೂರು ಸಾವಿರ ರೂಪಾಯಿಗೂ ಹೆಚ್ಚಿನ ದುಡಿಮೆಯನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ.

ಮೂರನೆಯ ಅಪಾಯ ಹುಡುಕಾಟದ್ದು. ನೌಕರರ ಸಂಖ್ಯೆ ಕೊಟ್ಟು ದರ ತರಿಸಿಕೊಳ್ಳಲು ಬಹುತೇಕರು ‘ವಿಲುಕಪ್’ ಬಳಸುತ್ತಾರೆ. ಅದರ ನಾಲ್ಕನೆಯ ಸೂಚನೆಯನ್ನು ಬಿಟ್ಟುಬಿಟ್ಟರೆ ಅದು ನಿಖರ ಹೊಂದಾಣಿಕೆ ಹುಡುಕುವುದಿಲ್ಲ. ಪಟ್ಟಿಯಲ್ಲಿ 118 ಇಲ್ಲದಿದ್ದರೆ ಅದಕ್ಕಿಂತ ಕೆಳಗಿನ 117ರವರ ದರವನ್ನೇ ತಂದು ಕೂರಿಸುತ್ತದೆ. ದೋಷದ ಸೂಚನೆ ಬರುವುದಿಲ್ಲ. ಹೊಸದಾಗಿ ಸೇರಿದವನಿಗೆ ಇನ್ನೊಬ್ಬರ ಸಂಬಳ ಬರುತ್ತದೆ. ‘ಫಾಲ್ಸ್’ ಎಂಬ ಒಂದು ಪದ ಸೇರಿಸಿದರೆ, ಸಿಗದಿದ್ದಾಗ ಸಿಗಲಿಲ್ಲ ಎಂದೇ ಶೀಟು ಹೇಳುತ್ತದೆ.

ಬ್ಯಾಂಕ್ ಖಾತೆ ಸಂಖ್ಯೆಗಳದ್ದೂ ಇಂಥದ್ದೇ ಕಥೆ. ಎಕ್ಸೆಲ್ ಅಂಕಿಗಳನ್ನು 64 ಬಿಟ್‌ಗಳ ದ್ವಿಮಾನ ರೂಪದಲ್ಲಿ ಇಡುತ್ತದೆ ಮತ್ತು 15 ಅಂಕಿಗಳವರೆಗೆ ಮಾತ್ರ ನಿಖರತೆ ಉಳಿಸಿಕೊಳ್ಳುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಹಾಕಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಸೊನ್ನೆಯಿಂದ ಶುರುವಾಗುವ ಸಂಖ್ಯೆಯಾದರೆ ಆರಂಭದ ಸೊನ್ನೆಗಳು ಹಾರಿಹೋಗುತ್ತವೆ. ಖಾತೆ ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಗುಣಿಸುವುದಿಲ್ಲ. ಅದನ್ನು ಟೆಕ್ಸ್ಟ್ ಆಗಿಯೇ ನಮೂದಿಸಬೇಕು.

ಮೊತ್ತ ಹಾಕುವ ವ್ಯಾಪ್ತಿಯಲ್ಲಿ ಕೆಲವು ಸಾಲು ಬಿಟ್ಟುಹೋಗುವುದು ಇನ್ನೊಂದು ತಪ್ಪು. ಇದು ಸಣ್ಣ ಕಚೇರಿಗಳಿಗಷ್ಟೇ ಸೀಮಿತವಲ್ಲ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರಕಟಿಸಿದ, ಸರ್ಕಾರಿ ಸಾಲ ಮತ್ತು ಬೆಳವಣಿಗೆಯ ಕುರಿತ ಪ್ರಬಂಧದಲ್ಲಿ ಸರಾಸರಿಯ ಫಾರ್ಮುಲಾ 20 ದೇಶಗಳ ಬದಲು 15 ಸಾಲುಗಳನ್ನಷ್ಟೇ ಹಿಡಿದಿತ್ತು. 2013ರಲ್ಲಿ ಅದನ್ನು ಪತ್ತೆ ಮಾಡಿದ್ದು ಥಾಮಸ್ ಹರ್ನ್‌ಡನ್ ಎಂಬ ಸಂಶೋಧನಾ ವಿದ್ಯಾರ್ಥಿ. ಮೂಲ ಶೀಟನ್ನು ತರಿಸಿಕೊಂಡು ಸೆಲ್‌ಗಳನ್ನು ತೆರೆದು ನೋಡಿದ್ದರಿಂದ ಅದು ಸಾಧ್ಯವಾಯಿತು.

ಹೀಗಾಗಿ ಸಂಬಳದ ಶೀಟು ಮಾಡುವವರಿಗೆ ಕೆಲವು ಮಾತು. ಶೇ 12, ಶೇ 0.75, ಪಿಎಫ್ ಲೆಕ್ಕಕ್ಕೆ ₹15,000ದ ವೇತನ ಮಿತಿ ಇವನ್ನು ಫಾರ್ಮುಲಾದ ಹೊಟ್ಟೆಯೊಳಗೆ ಹುದುಗಿಸಬೇಡಿ. ಪ್ರತ್ಯೇಕ ಸೆಲ್‌ಗಳಲ್ಲಿ, ಯಾವಾಗಿನಿಂದ ಜಾರಿ ಎಂಬ ದಿನಾಂಕದ ಸಮೇತ ಬರೆದಿಡಿ. ಕಾನೂನು ಬದಲಾದಾಗ ಒಂದೇ ಕಡೆ ತಿದ್ದಿದರೆ ಸಾಕು. 2025ರ ಏಪ್ರಿಲ್‌ನಿಂದ ಕರ್ನಾಟಕದ ವೃತ್ತಿ ತೆರಿಗೆ ಹನ್ನೊಂದು ತಿಂಗಳು ₹200, ಫೆಬ್ರುವರಿಯಲ್ಲಿ ₹300 ಆಗಿದೆ. ಹಳೆಯ ಶೀಟನ್ನೇ ನಕಲು ಮಾಡುತ್ತ ಬಂದವರು ತಪ್ಪುವುದು ಇಂಥಲ್ಲೇ. ಗಡಿಯ ಅಂಕಿಗಳನ್ನು ಹಾಕಿ ಪರೀಕ್ಷಿಸಿ: 24,999, 25,000, 25,001. ‘ಹೆಚ್ಚು’ ಎಂಬ ಗುರುತು ಮತ್ತು ‘ಹೆಚ್ಚು ಅಥವಾ ಸಮ’ ಎಂಬ ಗುರುತಿನ ನಡುವಿನ ವ್ಯತ್ಯಾಸ ಬಯಲಾಗುವುದು ಸರಿಯಾಗಿ 25,000ದಲ್ಲಿ ಮಾತ್ರ. ಕೊನೆಗೆ, ಶೀಟು ಮಾಡಿದವರಲ್ಲದ ಇನ್ನೊಬ್ಬರು, ಎರಡು ಮೂರು ಜನರ ಸಂಬಳವನ್ನು ಕಾಗದದ ಮೇಲೆ ಲೆಕ್ಕಹಾಕಿ ತಾಳೆ ನೋಡಲಿ.

ಸಂಬಳ ಪಡೆಯುವವರಿಗೂ ಒಂದು ಮಾತಿದೆ. ಮುಂದಿನ ಬಾರಿ ಸಂಬಳ ಚೀಟಿ ಕೈಗೆ ಬಂದಾಗ ಮೊಬೈಲಿನ ಕ್ಯಾಲ್ಕುಲೇಟರ್ ತೆಗೆದು ಪಿಎಫ್, ಇಎಸ್‌ಐ ಮತ್ತು ಓಟಿ, ಈ ಮೂರನ್ನು ನೀವೇ ಲೆಕ್ಕ ಹಾಕಿ. ಚೀಟಿಯಲ್ಲಿ ಕಡಿತವಾದ ಪಿಎಫ್ ಖಾತೆಗೆ ಜಮೆಯಾಗಿದೆಯೇ ಎಂದು ಇಪಿಎಫ್‌ಒ ಪಾಸ್‌ಬುಕ್‌ನಲ್ಲಿ ನೋಡಿ. ವ್ಯತ್ಯಾಸ ಕಂಡರೆ ಸಂಕೋಚವಿಲ್ಲದೆ ಕೇಳಿ. ದುಡಿದ ಹಣದ ಲೆಕ್ಕ ಕೇಳುವುದು ದುಡಿದವರ ಹಕ್ಕು.